ಒಂದೇ ಬೆಳೆಯ ಊರಿನಲ್ಲಿ ನೌಕರಿ

ಅಮೆರಿಕ ಎಂದೊಡನೆ ನಮ್ಮವರ ಕಣ್ಣಮುಂದೆ ನಿಲ್ಲುವುದು ನ್ಯೂಯಾರ್ಕಿನ ಗಗನಚುಂಬಿಗಳು, ಇಲ್ಲವೇ ಕ್ಯಾಲಿಫೋರ್ನಿಯದ ಸಿಲಿಕಾನ್ ಕಣಿವೆ. ಇವೆರಡರ ನಡುವೆ ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುವ ವಿಶಾಲವಾದ ಬಯಲುಸೀಮೆಯೊಂದು ಹರಡಿಕೊಂಡಿದೆ. ಕಡೂರು ತಾಲ್ಲೂಕಿನ ಯಗಟಿಯವನಾದ ನಾನು ಹನ್ನೆರಡು ವರ್ಷಗಳಿಂದ ನೌಕರಿ ಮಾಡಿಕೊಂಡಿರುವುದು ಈ ಸೀಮೆಯ ಪಿಯೋರಿಯ ಎಂಬ ನಗರದಲ್ಲಿ. ಇಲಿನಾಯ್ ರಾಜ್ಯದ ಈ ಊರಿನ ಜನಸಂಖ್ಯೆ 2020ರ ಗಣತಿಯಂತೆ ಸುಮಾರು 1.13 ಲಕ್ಷ, ಹೆಚ್ಚುಕಡಿಮೆ ನಮ್ಮ ಚಿಕ್ಕಮಗಳೂರು ನಗರದಷ್ಟು. ಷಿಕಾಗೊ ಇಲ್ಲಿಂದ ಕಾರಿನಲ್ಲಿ ಎರಡೂವರೆ ಮೂರು ಗಂಟೆಯ ದಾರಿ.

ಇಂಥ ಊರಿನ ಸುಖಗಳನ್ನು ಮೊದಲು ಒಪ್ಪಿಕೊಳ್ಳಬೇಕು. ಮನೆಯಿಂದ ಕಚೇರಿಗೆ ಹತ್ತೇ ನಿಮಿಷ. ಬೆಂಗಳೂರಿನ ಒಳ್ಳೆಯ ಬಡಾವಣೆಯಲ್ಲಿ ಅಪಾರ್ಟ್‌ಮೆಂಟ್ ಕೊಳ್ಳುವ ಹಣಕ್ಕೆ ಇಲ್ಲಿ ಹಿತ್ತಲು, ಅಂಗಳಗಳಿರುವ ಮನೆಯೇ ಸಿಗುತ್ತದೆ. ನೆರೆಯವರು ಹಿಮ ತೆಗೆಯುವಾಗ ನಮ್ಮ ಬಾಗಿಲಿನ ಹಿಮವನ್ನೂ ತೆಗೆದುಹಾಕುತ್ತಾರೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುವುದು ಬೇಸರದ ಸಂಗತಿಯಾದರೂ ಅದೂ ಅಭ್ಯಾಸವಾಗುತ್ತದೆ. ಕನ್ನಡದ ಮನೆಗಳು ಕೆಲವೇ ಇರುವುದರಿಂದ ಯುಗಾದಿ ಯಾವ ವಾರ ಬಂದರೂ ಆಚರಣೆ ಶನಿವಾರವೇ, ಯಾರದಾದರೊಬ್ಬರ ಮನೆಯ ನೆಲಮಾಳಿಗೆಯಲ್ಲಿ. ದೊಡ್ಡ ನಗರದ ಕನ್ನಡ ಕೂಟದಲ್ಲಿ ಕಾಣದ ಸಲಿಗೆ ಇಲ್ಲಿದೆ ಎಂಬುದು ನನ್ನ ಅನುಭವ.

ಆದರೆ ಈ ಊರು ಬದುಕಿರುವ ಬಗೆ ನನ್ನನ್ನು ಅಳುಕಿಸುತ್ತದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಪಿಯೋರಿಯ ವಿಸ್ಕಿ ತಯಾರಿಕೆಗೆ ಹೆಸರಾಗಿತ್ತು. 1920ರಲ್ಲಿ ಪಾನನಿರೋಧ ಜಾರಿಯಾಗಿ ಆ ಉದ್ಯಮದ ಬುಡವೇ ಅಲುಗಿತು. ಆ ವೇಳೆಗೆ ನದಿಯ ಆಚೆ ದಡದಲ್ಲಿ ಹೋಲ್ಟ್ ಎಂಬ ಟ್ರ್ಯಾಕ್ಟರ್ ಕಂಪನಿ ಬೇರೂರಿತ್ತು. 1925ರಲ್ಲಿ ಅದು ಬೆಸ್ಟ್ ಕಂಪನಿಯೊಡನೆ ಕೂಡಿಕೊಂಡು ಕ್ಯಾಟರ್‌ಪಿಲ್ಲರ್ ಆಯಿತು. ನಮ್ಮ ಕಡೆ ಮಣ್ಣೆತ್ತುವ ಹಳದಿ ಯಂತ್ರ ಯಾವ ಕಂಪನಿಯದಾದರೂ 'ಜೆಸಿಬಿ'ಯೇ ಎನ್ನಿ; ಇಲ್ಲಿ ಮಾತ್ರ ಹಳದಿ ಎಂದರೆ 'ಕ್ಯಾಟ್'. ಮುಂದೆ ಊರಿನ ಅಂಗಡಿ, ಶಾಲೆ, ಮನೆಬೆಲೆ ಎಲ್ಲವೂ ಈ ಒಂದು ಸಂಸ್ಥೆಯ ಏಳುಬೀಳಿಗೆ ಅಂಟಿಕೊಂಡವು. 2015ರಲ್ಲಿ ಊರ ನಡುವೆಯೇ ಭವ್ಯವಾದ ಹೊಸ ಕೇಂದ್ರ ಕಚೇರಿ ಕಟ್ಟುವುದಾಗಿ ಅದು ಪ್ರಕಟಿಸಿತು. 2017ರಲ್ಲಿ ಆ ಯೋಜನೆಯನ್ನು ಕೈಬಿಟ್ಟು, ಕೇಂದ್ರ ಕಚೇರಿಯನ್ನು ಷಿಕಾಗೊ ಬಳಿಯ ಡಿಯರ್‌ಫೀಲ್ಡ್‌ಗೆ ಒಯ್ದಿತು. 2022ರಲ್ಲಿ ಅಲ್ಲಿಂದಲೂ ಟೆಕ್ಸಾಸ್‌ಗೆ ಸಾಗುವುದಾಗಿ ಸಾರಿತು. ಕಾರ್ಖಾನೆಗಳು ಪಿಯೋರಿಯದ ಸುತ್ತ ಉಳಿದವು. ತೀರ್ಮಾನ ಮಾಡುವವರು ಹೊರಟುಹೋದರು.

ಸ್ಥಳೀಯರಿಗೆ ಇದು ಅವಮಾನ, ನಷ್ಟ. ವೀಸಾದ ಮೇಲಿರುವ ನಮ್ಮಂಥವರಿಗೆ ಇದರ ಲೆಕ್ಕವೇ ಬೇರೆ. ಎಚ್-1ಬಿ ವೀಸಾದವನ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 60 ದಿನ. ಗ್ರೀನ್ ಕಾರ್ಡಿಗೆ ಯಾವುದೇ ಒಂದು ದೇಶದವರಿಗೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕ ದಾಟಿದೆ. ಅಷ್ಟರಲ್ಲಿ ಮಕ್ಕಳಿಗೆ 21 ತುಂಬಿದರೆ ತಂದೆಯ ಅರ್ಜಿಯ ನೆರಳು ಅವರಿಗೆ ತಪ್ಪಿಹೋಗಬಹುದು. ಡಲಾಸಿನಲ್ಲಿ ಕೆಲಸ ಕಳೆದುಕೊಂಡವನು ಮನೆ, ಮಕ್ಕಳ ಶಾಲೆ ಬದಲಿಸದೆ ಇನ್ನೊಂದು ಕಂಪನಿ ಸೇರಬಹುದು. ಪಿಯೋರಿಯದಲ್ಲಿ ಕಳೆದುಕೊಂಡವನು ಊರನ್ನೇ ಬಿಡಬೇಕಾಗುತ್ತದೆ. ನನ್ನ ಪರಿಚಯದ ಕುಟುಂಬವೊಂದು ಜನವರಿಯ ಹಿಮದಲ್ಲಿ ಮನೆಯನ್ನು ಮಾರಾಟಕ್ಕಿಟ್ಟು ಹೊರಟಿತು. ಕಡಿಮೆ ಬೆಲೆಗೆ ಸಿಕ್ಕ ಮನೆ ಅವಸರಕ್ಕೆ ಮಾರಹೊರಟರೆ ಕೊಳ್ಳುವವರಿಲ್ಲದ ಮನೆಯೂ ಹೌದು.

ಯಗಟಿ ಸೀಮೆಯ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಯನ್ನೇ ನಂಬಿದ್ದ ನಮ್ಮ ಹಿರಿಯರು ರಾಗಿ ಹೊಲದ ನಡುನಡುವೆ ಅವರೆ, ಜೋಳ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುತ್ತಿದ್ದರು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಕೊಳವೆಬಾವಿ ಬಂದ ಮೇಲೆ ಹೊಲಗಳೆಲ್ಲ ತೆಂಗಿನ ತೋಟಗಳಾದವು; ಅರಸೀಕೆರೆ, ತಿಪಟೂರಿನ ಕೊಬ್ಬರಿ ಧಾರಣೆಯೇ ಮನೆಯ ಆಗುಹೋಗುಗಳನ್ನು ನಿರ್ಧರಿಸತೊಡಗಿತು. ಕಳೆದ ದಶಕದ ಬರಗಾಲಗಳಲ್ಲಿ ಅಂತರ್ಜಲ ಪಾತಾಳಕ್ಕಿಳಿದಾಗ ಕಡೂರು ತಾಲ್ಲೂಕಿನಲ್ಲಿ ಸುಳಿ ಬಿದ್ದು ಬೋಳಾದ ತೆಂಗಿನ ಮರಗಳನ್ನು ಕಂಡವರಿಗೆ 2017ರ ಪಿಯೋರಿಯದ ಮೌನ ಅಪರಿಚಿತವೇನಲ್ಲ.

ಈ ಸೀಮೆಯಲ್ಲಿ ಅಕ್ಕಡಿ ಸಾಲುಗಳೇ ಇಲ್ಲವೆಂದಲ್ಲ. ಪಿಯೋರಿಯವನ್ನು ಕೇಂದ್ರವಾಗಿಸಿಕೊಂಡ ಒಎಸ್‌ಎಫ್ ಆಸ್ಪತ್ರೆಗಳ ಸಮೂಹ ದೊಡ್ಡ ಉದ್ಯೋಗದಾತನಾಗಿ ಬೆಳೆದಿದೆ. ಮುಕ್ಕಾಲು ಗಂಟೆಯ ದೂರದ ಬ್ಲೂಮಿಂಗ್ಟನ್‌ನಲ್ಲಿ ಸ್ಟೇಟ್ ಫಾರ್ಮ್ ವಿಮಾ ಕಂಪನಿಯಿದೆ. ಅದರ ಪಕ್ಕದ ನಾರ್ಮಲ್‌ನಲ್ಲಿ 2015ರಲ್ಲಿ ಬಾಗಿಲು ಮುಚ್ಚಿದ ಮಿತ್ಸುಬಿಷಿ ಕಾರ್ಖಾನೆಯಲ್ಲೇ ರಿವಿಯನ್‌ನ ವಿದ್ಯುತ್ ವಾಹನಗಳು ತಯಾರಾಗುತ್ತಿವೆ. ಆದರೆ ವೀಸಾದ ಹೊಣೆ ಹೊರಲು ಎಲ್ಲ ಸಂಸ್ಥೆಗಳೂ ಮುಂದಾಗುವುದಿಲ್ಲ.

ಆದ್ದರಿಂದಲೇ ಕಡೂರು, ಬೀರೂರಿನ ಹುಡುಗರು ಇಂಥ ಊರುಗಳ ಕೆಲಸದ ಪತ್ರ ಹಿಡಿದು ಫೋನ್ ಮಾಡಿದಾಗ ನಾನು ಸಂಬಳದ ಮಾತನ್ನು ಆಮೇಲೆ ಎತ್ತುತ್ತೇನೆ. ಒಂದು ಗಂಟೆಯ ದಾರಿಯೊಳಗೆ ನಿಮ್ಮ ಕೆಲಸ ಬಲ್ಲ, ವೀಸಾ ವರ್ಗಾಯಿಸಿಕೊಳ್ಳುವ ಇನ್ನೆಷ್ಟು ಕಂಪನಿಗಳಿವೆ, ಮನೆ ಕೊಳ್ಳುವ ಮುನ್ನ ಒಂದೆರಡು ವರ್ಷ ಬಾಡಿಗೆಗಿರಲು ಸಾಧ್ಯವೇ ಎಂದು ಕೇಳುತ್ತೇನೆ. ಅವರ ತಂದೆತಾಯಿ ಮಾತ್ರ ಈಗಲೂ ಕೇಳುವುದು ಚಳಿ ಎಷ್ಟಿರುತ್ತದೆ, ಅಲ್ಲಿ ರಾಗಿಹಿಟ್ಟು ಸಿಗುತ್ತದೆಯೇ ಎಂದು. ರಾಗಿಹಿಟ್ಟು ಸಿಗುತ್ತದೆ.