ಗೋಕುಲಂನಲ್ಲಿ ದೇಹವಿದ್ಯೆಯ ಭಾಷೆ

ಚೀನೀ ಸಮರಕಲೆಯನ್ನು ಕಲಿಯಹೊರಟವರು ಪಟ್ಟುಗಳ ಚೀನೀ ಹೆಸರುಗಳನ್ನೂ, ಗುರುವನ್ನು ‘ಷಿಫು’ ಎಂದು ಕರೆಯುವ ಮರ್ಯಾದೆಯನ್ನೂ ಒಟ್ಟಿಗೆ ಕಲಿಯುವಂತೆ, ಮೈಸೂರಿನ ಗೋಕುಲಂಗೆ ಅಷ್ಟಾಂಗ ಯೋಗಕ್ಕಾಗಿ ಬರುವ ವಿದೇಶಿಯರು ಆಸನಗಳ ಜೊತೆಗೆ ಸಂಸ್ಕೃತದ ಎಣಿಕೆಯನ್ನೂ ಕಲಿಯುತ್ತಾರೆ. ಹಾಸನ ಜಿಲ್ಲೆಯ ಕೌಶಿಕದಲ್ಲಿ 1915ರಲ್ಲಿ ಹುಟ್ಟಿ, ಯೋಗಗುರು ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯರಾಗಿ ಬೆಳೆದ ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರಂನಲ್ಲಿ ಸ್ಥಾಪಿಸಿದ ಅಷ್ಟಾಂಗ ಯೋಗಶಾಲೆ 2002ರ ಹೊತ್ತಿಗೆ ಗೋಕುಲಂಗೆ ಬಂದಿತು.

ಇಲ್ಲಿನ ಪದ್ಧತಿಯ ಜೀವಾಳ ವಿನ್ಯಾಸ, ಅಂದರೆ ಒಂದು ಉಸಿರಿಗೆ ಒಂದು ಚಲನೆಯನ್ನು ಹೊಂದಿಸುವ ಕ್ರಮ. ಸೂರ್ಯನಮಸ್ಕಾರದಲ್ಲಿ ‘ಏಕಂ’ ಎಂದೊಡನೆ ಉಸಿರೆಳೆದು ಕೈಗಳನ್ನು ಮೇಲೆತ್ತುವ, ‘ದ್ವೇ’ ಎಂದೊಡನೆ ಉಸಿರು ಬಿಟ್ಟು ಮುಂದಕ್ಕೆ ಬಾಗುವ ಶಿಷ್ಯರಿಗೆ, ಬೇರೆ ಬೇರೆ ತಾಯ್ನುಡಿಯವರಾದರೂ, ಈ ಎಣಿಕೆಯೇ ಸಮಾನ ಭಾಷೆಯಾಗುತ್ತದೆ. ಅದೇ ಊರಿನ ಗರಡಿಮನೆಗಳಲ್ಲಿ ಕುಸ್ತಿ ಕಲಿಸುವವರನ್ನು ‘ಉಸ್ತಾದ್’ ಎಂದು ಪಾರಸಿ ಮೂಲದ ಪದದಿಂದ ಕರೆಯುವುದನ್ನು ನೆನೆದರೆ, ದೇಹವಿದ್ಯೆ ಯಾವ ನುಡಿಯ ಗಡಿಯೊಳಗೂ ನಿಲ್ಲುವುದಿಲ್ಲವೆಂಬುದು ಸ್ಪಷ್ಟ.

ಆದರೆ ಇಷ್ಟೆಲ್ಲ ಸಂಸ್ಕೃತದ ನಡುವೆ ಕನ್ನಡದ ಪಾಲು ಮರೆಯಾಗುವುದು ಸರಿಯಲ್ಲ: ಈ ಪದ್ಧತಿಯನ್ನು ವಿವರಿಸುವ ಜೋಯಿಸರ ‘ಯೋಗಮಾಲಾ’ 1962ರಲ್ಲಿ ಮೊದಲು ಪ್ರಕಟವಾದದ್ದು ಕನ್ನಡದಲ್ಲಿ, ಅದರ ಇಂಗ್ಲಿಷ್ ಅನುವಾದ ಬಂದದ್ದು 1999ರಲ್ಲಿ.