ಮೂಡಲಪಾಳ್ಯದಲ್ಲಿ ಹವಾಯಿಯ ಮೀನೂಟ

ಹವಾಯಿ ದ್ವೀಪಗಳ ಬೆಸ್ತರು ಹಿಡಿದ ಮೀನನ್ನು ತುಂಡರಿಸಿ, ಉಪ್ಪು, ಕಡಲಪಾಚಿ, ಹುರಿದು ಕುಟ್ಟಿದ ಕುಕುಯಿ ಬೀಜಗಳೊಡನೆ ಬೆರೆಸಿ ಹಸಿಯಾಗಿಯೇ ತಿನ್ನುತ್ತಿದ್ದರು. ಇದೇ ‘ಪೋಕೆ’, ಆ ನುಡಿಯಲ್ಲಿ ತುಂಡರಿಸುವುದೆಂದೇ ಅರ್ಥ. 1885ರಿಂದ ಕಬ್ಬಿನ ತೋಟಗಳ ದುಡಿಮೆಗೆ ತಂಡತಂಡವಾಗಿ ಬಂದ ಜಪಾನೀಯರೇ ಮೊದಲಾದ ಏಷ್ಯದ ವಲಸಿಗರಿಂದ ಸೋಯಾ ಸಾಸೂ ಎಳ್ಳೆಣ್ಣೆಯೂ ಅದಕ್ಕೆ ಕೂಡಿದುವು.

ಹೆಸರಿನಲ್ಲಿ ಮೂಡಲಿದ್ದರೂ ಬೆಂಗಳೂರಿನ ಪಡುವಣದಲ್ಲಿರುವ ಮೂಡಲಪಾಳ್ಯದ ಗೃಹಿಣಿಗೆ ಇದರ ತೊಡಕು ಕಡಲಿನ ದೂರ. ಸುಮಾರು 350 ಕಿಲೋಮೀಟರ್ ಆಚೆಯ ಮಂಗಳೂರಿನಿಂದ ಘಟ್ಟವೇರಿ ಬರುವ ಮೀನು, ಮಂಜುಗಡ್ಡೆಯಲ್ಲಿದ್ದರೂ, ಹುರಿಯುವುದಕ್ಕೆ ತಕ್ಕುದೇ ಹೊರತು ಹಸಿಯಾಗಿ ತಿನ್ನುವುದಕ್ಕಲ್ಲ. ಮೀನಿನೊಳಗಣ ಹುಳುಗಳು ಸಾಯಲು ಸೊನ್ನೆಗಿಂತ 20 ಡಿಗ್ರಿ ಸೆಂಟಿಗ್ರೇಡ್ ಕೆಳಗೆ 7 ದಿನ ಬೇಕು; ಮನೆಯ ಫ್ರೀಜರ್ ಸಾಮಾನ್ಯವಾಗಿ 18ಕ್ಕೆ ನಿಲ್ಲುತ್ತದೆ. ಆ ಶೈತ್ಯಕ್ಕೂ ಎಲ್ಲ ಬ್ಯಾಕ್ಟೀರಿಯಗಳು ಸಾಯುವುದಿಲ್ಲ. ಬೆಚ್ಚಗಿದ್ದು ಕೆಟ್ಟ ಟ್ಯೂನಾದಲ್ಲಿ ಹುಟ್ಟುವ ಹಿಸ್ಟಮೈನ್ ಬೇಯಿಸಿದರೂ ಅಳಿಯದು.

ಆದುದರಿಂದ ಹಸಿಯಾಗಿ ತಿನ್ನಲೆಂದೇ ಶೈತ್ಯೀಕರಿಸಿ ಮಾರುವ ಟ್ಯೂನಾವನ್ನೇ ಕೇಳಿ ತಂದು, ಫ್ರಿಜ್ಜಿನಲ್ಲಿಯೇ ಕರಗಿಸಬೇಕು. ಅದು ದೊರೆಯದಿದ್ದರೆ ಬೇಯಿಸಿದ ಸಿಗಡಿಯೇ ಲೇಸು. ಗರ್ಭಿಣಿಯರಿಗೂ ಮಕ್ಕಳಿಗೂ ವೃದ್ಧರಿಗೂ ಅದನ್ನೇ ಬಡಿಸತಕ್ಕದ್ದು. ಸಿಗಡಿಯ ರುಚಿಯೇನೂ ಕಡಮೆಯಲ್ಲ.

ಕಾಲು ಕಿಲೋ ತುಂಡುಗಳಿಗೆ ಎರಡು ದೊಡ್ಡ ಚಮಚ ಸೋಯಾ ಸಾಸ್, ಒಂದು ಸಣ್ಣ ಚಮಚ ಎಳ್ಳೆಣ್ಣೆ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ ಸಾಕು. ನಮ್ಮ ಗಾಣದ ಎಳ್ಳೆಣ್ಣೆಗೆ ಹುರಿದೆಳ್ಳಿನ ಕಂಪಿಲ್ಲ; ಹುರಿದ ಎಳ್ಳನ್ನು ಉದುರಿಸಿದರೆ ಆ ಕೊರತೆ ತೀರುತ್ತದೆ. ಕುಕುಯಿಯ ಬದಲು ಹುರಿದ ಗೋಡಂಬಿಯ ತರಿ. ಕೊಂಚ ಮೆತ್ತಗೆ ಮಾಡಿ, ನಿಂಬೆರಸ ಹಿಂಡಿ ಆರಿಸಿದ ಅನ್ನದ ಮೇಲೆ ಇದನ್ನಿಟ್ಟು, ಪಕ್ಕಕ್ಕೆ ಸೌತೆಕಾಯಿ ಹೆಚ್ಚಿಟ್ಟು, ಕೂಡಲೇ ಬಡಿಸಬೇಕು. ಮಿಕ್ಕ ಮೀನನ್ನು ರಾತ್ರಿಗೆಂದು ಎತ್ತಿಡದೆ ಆಗಲೇ ಬಾಣಲೆಯಲ್ಲಿ ಹುರಿದುಬಿಡುವುದು.