ಹಳೆಯ ಕಾರಿಗೆ ವರ್ಷ ಎಷ್ಟು?

ಕಬ್ಬಿನ ಬಿಲ್ಲು ಕೈಸೇರುವ ತಿಂಗಳುಗಳಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಗಳ ರಸ್ತೆಗಳ ಮೇಲೆ ಕೆಲವು ಭಾರಿ ಕಾರುಗಳು ಹೊಸದಾಗಿ ಕಾಣಿಸಿಕೊಳ್ಳುತ್ತವೆ. ಹೊಸದಾಗಿ ಎಂದದ್ದು ಊರಿಗೆ ಹೊಸವು ಎಂಬರ್ಥದಲ್ಲಿ. ಪುಣೆಯಲ್ಲೋ ಬೆಂಗಳೂರಿನಲ್ಲೋ ಯಾರೋ ನಲವತ್ತು ಐವತ್ತು ಲಕ್ಷ ರೂಪಾಯಿ ತೆತ್ತು ಕೊಂಡ ಜರ್ಮನ್ ಸೆಡಾನ್, ಹತ್ತು ವರ್ಷ ಓಡಿದ ಮೇಲೆ ಸಣ್ಣ ಹೊಸ ಕಾರಿನ ಬೆಲೆಗೆ ಇಲ್ಲಿ ಕೈಬದಲಾಗುತ್ತದೆ. ಇದರಲ್ಲಿ ಹಾಸ್ಯ ಮಾಡುವಂಥದೇನೂ ಇಲ್ಲ; ಮಗಳ ದಿಬ್ಬಣ ಒಳ್ಳೆಯ ಕಾರಿನಲ್ಲಿ ಹೊರಡಲಿ ಎಂಬ ಬಯಕೆ ಮನುಷ್ಯಸಹಜವಾದದ್ದು. ಆದರೆ ಕಾಲ ಕಳೆದಂತೆ ಇಳಿಯುವುದು ಕಾರಿನ ಬೆಲೆಯೇ ಹೊರತು ಅದರ ಬಿಡಿಭಾಗಗಳ ಬೆಲೆಯಲ್ಲ. ಐವತ್ತು ಲಕ್ಷದ ಕಾರಿನ ಗೇರ್‌ಬಾಕ್ಸು, ಕಾರು ಎಂಟು ಲಕ್ಷಕ್ಕೆ ಇಳಿದಾಗಲೂ ಐವತ್ತು ಲಕ್ಷದ ಕಾರಿನ ಗೇರ್‌ಬಾಕ್ಸೇ. ತಪ್ಪು ವರ್ಷದ ಗಾಡಿ ಕೊಂಡವನ ಒಂದು ಹಂಗಾಮಿನ ಕಬ್ಬು ಒಂದೇ ದುರಸ್ತಿಯಲ್ಲಿ ಕರಗಿಹೋಗಬಹುದು.

2021ರಲ್ಲಿ ಹುಕ್ಕೇರಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಒಂದೇ ಹೆಸರಿನ ಎರಡು ಕಾರುಗಳ ನೋಂದಣಿ ಪತ್ರಗಳನ್ನು ಹಿಡಿದು ಬಂದರು. “ಸರ್, ಎರಡೂ ಅದ ಗಾಡಿ, ಅದ ಬಣ್ಣ. ಎರಡ ವರ್ಷಕ್ಕ ರೇಟಿನ್ಯಾಗ ಇಷ್ಟ್ಯಾಕ ಫರಕ್ಕರಿ?” ಎಂಬುದು ಅವರ ಪ್ರಶ್ನೆ. ಯಂತ್ರವಿದ್ಯೆ ನನ್ನ ವಿಷಯವಲ್ಲ. ಆದರೂ ಹಸ್ತಪ್ರತಿಗಳೊಡನೆ ಕೆಲಕಾಲ ಕಳೆದವನಿಗೆ ಈ ಬಗೆಯ ತೊಡಕು ಅಪರಿಚಿತವಲ್ಲ. ಓಲೆಗರಿಯ ಕಟ್ಟಿನಲ್ಲಿ ಕವಿ ಕಾವ್ಯವನ್ನು ರಚಿಸಿದ ವರ್ಷ ಬೇರೆ, ಲಿಪಿಕಾರ ಅದನ್ನು ಪ್ರತಿಮಾಡಿದ ವರ್ಷ ಬೇರೆ, ಪ್ರತಿ ಮಠದ ಭಂಡಾರವನ್ನು ಸೇರಿದ ವರ್ಷ ಬೇರೆ. ಕಾರಿಗೂ ಅಷ್ಟೇ: ಆ ಮಾದರಿ ರೂಪುಗೊಂಡ ವರ್ಷ, ಕಾರ್ಖಾನೆಯಿಂದ ಗಾಡಿ ಹೊರಬಿದ್ದ ವರ್ಷ, ಸಾರಿಗೆ ಕಚೇರಿಯಲ್ಲಿ ನೋಂದಣಿಯಾದ ವರ್ಷ. ಮಾರುವವರು ಬಾಯಲ್ಲಿ ಹೇಳುವ ‘ಮಾಡೆಲ್’ ಸಾಮಾನ್ಯವಾಗಿ ಕೊನೆಯದು. ಅವರು ತಂದಿದ್ದ ಪತ್ರಗಳಲ್ಲೊಂದು ಹಾಗೆಯೇ ಇತ್ತು: ನೋಂದಣಿ 2011ರ ಜುಲೈ, ತಯಾರಿಕೆ 2010ರ ನವೆಂಬರ್. ತಯಾರಿಕೆಯ ತಿಂಗಳು, ವರ್ಷ ನೋಂದಣಿ ಪತ್ರದಲ್ಲಿಯೇ ನಮೂದಾಗಿರುತ್ತವೆ. ಓದುವ ತಾಳ್ಮೆಯೊಂದು ಬೇಕು.

ಒಂದು ವರ್ಷದಿಂದ ಏನಾದೀತು ಎಂದು ಕೇಳಬಹುದು. ಹೊಸ ಮಾದರಿಯ ಮೊದಲ ವರ್ಷದ ಕಾರು ಪುಸ್ತಕದ ಮೊದಲ ಮುದ್ರಣದಂತೆ. ಅಚ್ಚಿನ ತಪ್ಪುಗಳೆಲ್ಲ ಅದರಲ್ಲಿಯೇ ಉಳಿದಿರುತ್ತವೆ. ಗಿರಾಕಿಗಳ ದೂರುಗಳು ಕಾರ್ಖಾನೆಗೆ ತಲುಪಿ, ಭಾಗಗಳು ಬದಲಾಗುವ ಹೊತ್ತಿಗೆ ಎರಡು ಮೂರು ವರ್ಷ ಕಳೆದಿರುತ್ತದೆ. ಬಿಎಂಡಬ್ಲ್ಯು ಕಂಪನಿ 2007ರಲ್ಲಿ ತಂದ ಎನ್47 ಎಂಬ ಡೀಸೆಲ್ ಎಂಜಿನ್ನು ಇದಕ್ಕೆ ಜಗತ್ತಿಗೇ ಗೊತ್ತಿರುವ ಉದಾಹರಣೆ. ಕವಾಟಗಳನ್ನು ತಾಳ ತಪ್ಪದಂತೆ ಆಡಿಸುವ ಟೈಮಿಂಗ್ ಚೈನನ್ನು ಇದರಲ್ಲಿ ಎಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸಿನ ಮಗ್ಗುಲಿಗೆ ಇಟ್ಟರು. ಆರಂಭದ ವರ್ಷಗಳ ಎಂಜಿನ್ನುಗಳಲ್ಲಿ ಆ ಚೈನು ಅಕಾಲದಲ್ಲಿ ಸವೆಯತೊಡಗಿತು. ಚೈನಿನ ಬೆಲೆ ದೊಡ್ಡದಲ್ಲ. ಅದನ್ನು ಮುಟ್ಟಬೇಕಾದರೆ ಭಾರಿ ಭಾಗಗಳನ್ನೆಲ್ಲ ಇಳಿಸಬೇಕು, ಅದು ದೊಡ್ಡದು. ಹರಿದರಂತೂ ಎಂಜಿನ್ನೇ ಹೋಯಿತೆನ್ನಬೇಕು. 2011ರಿಂದೀಚೆಗಿನವುಗಳಲ್ಲಿ ಈ ದೂರು ಬಹಳ ಕಡಿಮೆ. 320ಡಿ, 520ಡಿ ಎಂಬ ಹೆಸರುಗಳು ಮಾತ್ರ ಆಗಲೂ ಈಗಲೂ ಅವೇ. ಹಿಂಬದಿಯ ಫಲಕ ನೋಡಿದವನಿಗೆ ಏನೂ ತಿಳಿಯುವುದಿಲ್ಲ.

ಹೆಸರು ಮಾತ್ರವಲ್ಲ, ವರ್ಷವೂ ಒಂದೇ ಆಗಿದ್ದು ಒಳಗಿನ ಯಂತ್ರ ಬೇರೆಯಾಗಿರುವುದುಂಟು. 2013ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾದ ಸ್ವಯಂಚಾಲಿತ ಗಾಡಿಗಳಲ್ಲಿ 1.8 ಪೆಟ್ರೋಲಿಗೆ ಒಣ ಕ್ಲಚ್ಚಿನ ಏಳು ಗೇರು, 2.0 ಡೀಸೆಲ್ಲಿಗೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಆರು ಗೇರು. ಫೋಕ್ಸ್‌ವ್ಯಾಗನ್ ಬಳಗ 2013ರ ನವೆಂಬರಿನಲ್ಲಿ ಆ ಏಳು ಗೇರಿನ ಪೆಟ್ಟಿಗೆಯ ಎಣ್ಣೆ ಬದಲಿಸಲೆಂದು ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯಿತು. ಒಣ ಕ್ಲಚ್ಚಿಗೆ ನಿಂತು ನಿಂತು ಸಾಗುವ ಸಂದಣಿ ಒಗ್ಗುವುದಿಲ್ಲ. ಗೋಕಾಕದ ಪೇಟೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಾಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಗಡಿ 2023ರ ಏಪ್ರಿಲ್. ಅಂದಿನಿಂದೀಚೆಗೆ ತಯಾರಾದ ಪೆಟ್ರೋಲ್ ಕಾರುಗಳಲ್ಲಿ ಇಂಧನ ತಾಕುವ ರಬ್ಬರು ಪ್ಲಾಸ್ಟಿಕ್ಕುಗಳು ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನು ತಾಳುವಂಥವು. ಅದಕ್ಕಿಂತ ಹಳೆಯವು ಹೆಚ್ಚಾಗಿ ಶೇ. 10ಕ್ಕೆ ಹೊಂದಿಸಿದವು, ಅವು ಶೇ. 20ರ ಮಿಶ್ರಣದಲ್ಲಿ ಶೇ. 6ರಿಂದ 7ರಷ್ಟು ಮೈಲೇಜು ಕಳೆದುಕೊಳ್ಳಬಹುದೆಂದು 2021ರ ನೀತಿ ಆಯೋಗದ ವರದಿಯೇ ಹೇಳಿತ್ತು. ಕಾರು ಕೊಡಿಸಿದ ಕಬ್ಬೇ ಅದರ ಟಾಂಕಿಯನ್ನೂ ಹೊಕ್ಕು ಹೀಗೆ ತನ್ನ ಪಾಲು ಕೇಳುತ್ತದೆ! ಹಳೆಯ ಪೆಟ್ರೋಲ್ ಸೆಡಾನ್ ಕೊಳ್ಳುವವರು ಇಂಧನದ ಕೊಳವೆಗಳನ್ನು, ಸೀಲುಗಳನ್ನು ಮೆಕ್ಯಾನಿಕ್‌ನಿಂದ ನೋಡಿಸಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಸರಿಯಿದ್ದರೂ ನಮ್ಮ ಸೀಮೆಯಲ್ಲಿ ಯಾವ ಪತ್ರದಲ್ಲಿಯೂ ಇಲ್ಲದ ಒಂದು ವರ್ಷವನ್ನು ಕೇಳಲೇಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿದಳು. ಅದೇ ವಾರ ಪಂಚಗಂಗೆ ಕೊಲ್ಲಾಪುರವನ್ನು ಮುಳುಗಿಸಿದಳು. 2021ರ ಜುಲೈಯಲ್ಲಿ ಎರಡೂ ಕಡೆ ಮತ್ತೆ ನೆರೆ. ಆ ದಿನಗಳಲ್ಲಿ ಈ ಕಾರು ಎಲ್ಲಿ ನಿಂತಿತ್ತು? ಐಷಾರಾಮಿ ಕಾರುಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಎಷ್ಟೋ ಸಲ ಆಸನದ ಅಡಿಯಲ್ಲಿ, ನೆಲಹಾಸಿನ ಕೆಳಗೆ ಇರುತ್ತವೆ. ಮೊಣಕಾಲೆತ್ತರದ ನೀರು ಸಾಕು. ಹಾನಿ ಒಮ್ಮೆಲೇ ತೋರುವುದಿಲ್ಲ, ತಂತಿಗಳ ಕೂಡುಗಳು ತಿಂಗಳುಗಟ್ಟಲೆ ಹಸಿರುಗಟ್ಟುತ್ತ ಹೋಗುತ್ತವೆ. ಆದುದರಿಂದ ಸೀಟ್‌ಬೆಲ್ಟನ್ನು ಕೊನೆಯವರೆಗೂ ಹೊರಗೆಳೆಯಿರಿ. ಮೇಲೆ ಕಾಣುವ ಪಟ್ಟಿಯನ್ನು ತೊಳೆದಿರುತ್ತಾರೆ, ಸುರುಳಿಯೊಳಗಿನ ತುದಿಯನ್ನು ತೊಳೆದಿರುವುದಿಲ್ಲ. ಅಲ್ಲಿ ಕೆಸರಿನ ಗೆರೆಯಿದ್ದರೆ ಬೆಲೆಯ ಮಾತನ್ನೇ ಆಡಬೇಡಿ. ಡಿಕ್ಕಿಯಲ್ಲಿ ಸ್ಟೆಪ್ನಿಯಿಡುವ ಗುಳಿ, ಆಸನದ ಬೋಲ್ಟುಗಳ ತುಕ್ಕು, ಹೆಡ್‌ಲೈಟಿನೊಳಗಿನ ಮಂಜು ಇವೂ ಸಾಕ್ಷಿ ಹೇಳುತ್ತವೆ. ವಿಮೆಯ ಹಳೆಯ ಪತ್ರಗಳನ್ನು ಕೇಳಿ, ಆ ಎರಡು ವರ್ಷಗಳಲ್ಲಿ ಪರಿಹಾರ ಪಡೆದದ್ದುಂಟೇ ಎಂದು ನೋಡಬೇಕು.

ನನ್ನ ವಿದ್ಯಾರ್ಥಿ ಕೊನೆಗೆ ಕೊಂಡದ್ದು ಎರಡರಲ್ಲಿ ದುಬಾರಿಯಾದದ್ದನ್ನು, 2013ರದ್ದನ್ನು. ಅದು ಎಂಎಚ್ 09, ಅಂದರೆ ಕೊಲ್ಲಾಪುರದ ನೋಂದಣಿಯದು. ಹೊರರಾಜ್ಯದ ಗಾಡಿಯಾದ್ದರಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ, ಮಾಲೀಕತ್ವದ ವರ್ಗಾವಣೆಗೆ 29 ಮತ್ತು 30, ಮೊದಲ ಒಡೆಯ ಬ್ಯಾಂಕಿನ ಸಾಲದಲ್ಲಿ ಕೊಂಡಿದ್ದರಿಂದ ಸಾಲ ತೀರಿತೆಂಬುದಕ್ಕೆ 35, ಇವೆಲ್ಲ ಬೇಕಾದವು. ಕರ್ನಾಟಕದ ಆಜೀವ ತೆರಿಗೆಯನ್ನು ಬೇರೆ ಕಟ್ಟಬೇಕಾಯಿತು. ಅದನ್ನು ಬೆಲೆಗೆ ಕೂಡಿಸಿಯೇ ಲೆಕ್ಕ ಹಾಕಿದ್ದರು.